ಬಿಸಿ ಹೋಗುವ ದಾರಿ

ಕಂಪ್ಯೂಟರ್ ಕೊಳ್ಳುವಾಗ ಅಂಗಡಿಯವರು ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು, ಗ್ರಾಫಿಕ್ಸ್ ಕಾರ್ಡ್ ಯಾವ ಮಾದರಿಯದು ಎಂದೆಲ್ಲ ವಿವರಿಸುತ್ತಾರೆ. ಅದು ಮನೆಯೊಳಗೆ ಎಷ್ಟು ಬಿಸಿ ಬಿಡುತ್ತದೆ ಎಂದು ಯಾರೂ ಹೇಳುವುದಿಲ್ಲ. ಲೆಕ್ಕ ಮಾತ್ರ ಬಹಳ ಸರಳ. ಪ್ಲಗ್ಗಿನಿಂದ 300 ವ್ಯಾಟ್ ವಿದ್ಯುತ್ ಒಳಗೆ ಹೋದರೆ ಹೆಚ್ಚುಕಡಿಮೆ 300 ವ್ಯಾಟ್ ಶಾಖ ಹೊರಗೆ ಬರುತ್ತದೆ. ಲೆಕ್ಕ ಮಾಡಿದ್ದು, ಚಿತ್ರ ತೋರಿಸಿದ್ದು, ಹಾಡು ಕೇಳಿಸಿದ್ದು ಎಲ್ಲವೂ ಕೊನೆಗೆ ಬಿಸಿಯಾಗಿಯೇ ಮುಗಿಯುತ್ತದೆ. ಸುಮ್ಮನೆ ಕೂತ ಮನುಷ್ಯನ ಮೈ ಸುಮಾರು 100 ವ್ಯಾಟ್ ಶಾಖ ಬಿಡುತ್ತದೆ. ಹಾಗಾಗಿ ಪೂರ್ತಿ ದುಡಿಯುತ್ತಿರುವ ನನ್ನ ಕಂಪ್ಯೂಟರ್ ಎಂದರೆ ಹತ್ತಡಿ ಕೋಣೆಗೆ ಮೂವರು ಬೀಗರು ಬಂದು ಕೂತ ಹಾಗೆ. ರಾತ್ರಿಯಾದರೂ ಎದ್ದು ಹೋಗದ ಬೀಗರು.

ನಮ್ಮೂರು ಕಲಬುರಗಿ. ಏಪ್ರಿಲ್ ಬಂತೆಂದರೆ ಇಲ್ಲಿ 40 ಡಿಗ್ರಿ ಸುದ್ದಿಯೇ ಅಲ್ಲ. ನಾನು ಮಾಡುತ್ತಿರುವ ಸಂಶೋಧನೆ ಹಳೆಯ ಕನ್ನಡ ಮುದ್ರಿತ ಪುಟಗಳನ್ನು ಓದಲು ಕಂಪ್ಯೂಟರಿಗೆ ಕಲಿಸುವುದು. ಅಚ್ಚುಮೊಳೆ ಸವೆದು ಅರ್ಧ ಮಾಸಿದ ಒತ್ತಕ್ಷರಗಳನ್ನು ಅದು ಸಾವಿರಾರು ಸಲ ನೋಡಿ, ತಪ್ಪಿ, ತಿದ್ದಿಕೊಂಡು ಕಲಿಯಬೇಕು. ವಿಭಾಗದ ಸರ್ವರಿನಲ್ಲಿ ಸರದಿ ಉದ್ದ. ಆದ್ದರಿಂದ ಫೆಲೋಶಿಪ್ ಹಣದಲ್ಲಿ ಒಂದು ಡೆಸ್ಕ್‌ಟಾಪ್ ಕೊಂಡು ಮನೆಯಲ್ಲೇ ಇಟ್ಟೆ. ಒಂದು ಸುತ್ತು ಕಲಿಕೆ ಮುಗಿಯಲು ಎರಡು ದಿನ ಬೇಕು. ಪ್ರಬಂಧದ ನಾಲ್ಕನೆಯ ಅಧ್ಯಾಯ ಪೂರ್ತಿ ಈ ಪೆಟ್ಟಿಗೆಯ ಮೇಲೆ ನಿಂತಿದೆ.

ಮೊದಲ ಬೇಸಿಗೆಯಲ್ಲಿ ಮಧ್ಯಾಹ್ನ ಎರಡರ ಹೊತ್ತಿಗೆ ಕೆಲಸ ಕುಂಟತೊಡಗಿತು. ಬೆಳಿಗ್ಗೆ ಒಂದು ನಿಮಿಷಕ್ಕೆ ಮುಗಿಯುತ್ತಿದ್ದ ಕಂತು ಒಂದೂವರೆ ನಿಮಿಷ ಹಿಡಿಯುತ್ತಿತ್ತು. ಅದು ಕೆಟ್ಟಿರಲಿಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುತ್ತಿತ್ತು. ಇಂದಿನ ಅನೇಕ ಪ್ರೊಸೆಸರ್‌ಗಳಿಗೆ 95ರಿಂದ 100 ಡಿಗ್ರಿಯ ಆಸುಪಾಸಿನಲ್ಲಿ ಒಂದು ಮಿತಿ ಇರುತ್ತದೆ. ಅದನ್ನು ಮುಟ್ಟುತ್ತಲೇ ಅವು ವೇಗ ತಗ್ಗಿಸುತ್ತವೆ. ಅಷ್ಟಕ್ಕೂ ಬಿಸಿ ಇಳಿಯದಿದ್ದರೆ ಯಂತ್ರ ಆರಿಹೋಗುತ್ತದೆ. ಹೊಲದಲ್ಲಿ ದುಡಿಯುವವರು ನಡುಮಧ್ಯಾಹ್ನ ಬೇವಿನ ನೆರಳಿಗೆ ಬರುವ ಹಾಗೆಯೇ.

ಈ ಬಿಸಿಯ ಪ್ರಯಾಣ ಸ್ವಾರಸ್ಯಕರವಾದದ್ದು. ಅದು ಹುಟ್ಟುವುದು ಅಂಚೆಚೀಟಿಯಷ್ಟು ದೊಡ್ಡದಿರುವ ಸಿಲಿಕಾನ್ ಬಿಲ್ಲೆಯಲ್ಲಿ. ಅದರ ಲೋಹದ ಮುಚ್ಚಳಕ್ಕೂ ಮೇಲೆ ಕೂರುವ ಹೀಟ್‌ಸಿಂಕ್‌ಗೂ ನಡುವೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ. ಆ ಸಂದಿನಲ್ಲಿ ಗಾಳಿ ನಿಂತರೆ ಬಿಸಿ ದಾಟುವುದಿಲ್ಲ. ಅದಕ್ಕೇ ಥರ್ಮಲ್ ಪೇಸ್ಟ್ ಎಂಬ ಮುಲಾಮನ್ನು ತೆಳ್ಳಗೆ ಸವರುತ್ತಾರೆ. ಅಲ್ಲಿಂದ ಮುಂದೆ ತಾಮ್ರದ ಕೊಳವೆಗಳು. ಒಳಗೆ ಸ್ವಲ್ಪವೇ ದ್ರವ ಇರುತ್ತದೆ. ಬಿಸಿಯ ತುದಿಯಲ್ಲಿ ಅದು ಆವಿಯಾಗಿ, ತಣ್ಣನೆಯ ತುದಿಗೆ ಹೋಗಿ ಹನಿಗಟ್ಟಿ, ಮತ್ತೆ ಮರಳುತ್ತದೆ. ಆ ತಣ್ಣನೆಯ ತುದಿಯಲ್ಲಿ ಅಲ್ಯೂಮಿನಿಯಂ ರೆಕ್ಕೆಗಳು, ಅವುಗಳ ಮೈಗೆ ಗಾಳಿ ಬೀಸುವ ಫ್ಯಾನ್. ಇಷ್ಟಾದರೂ ಬಿಸಿ ಪೆಟ್ಟಿಗೆಯೊಳಗಿನ ಗಾಳಿಗೆ ಬಂದು ಸೇರಿತಷ್ಟೇ, ಮನೆ ಬಿಟ್ಟು ಹೋಗಲಿಲ್ಲ. ಆ ಗಾಳಿ ಅಲ್ಲೇ ಸುತ್ತುತ್ತಿದ್ದರೆ ಫ್ಯಾನ್ ಬಿಸಿ ಗಾಳಿಯನ್ನೇ ಮತ್ತೆ ಬಿಸಿ ರೆಕ್ಕೆಗಳಿಗೆ ಬೀಸುತ್ತಿರುತ್ತದೆ.

ಹೀಗಾಗಿ ಬೇಕಾದದ್ದು ದಾರಿ. ಮುಂದಿನಿಂದ, ಕೆಳಗಿನಿಂದ ಗಾಳಿ ಒಳಗೆ. ಹಿಂದಿನಿಂದ, ಮೇಲಿನಿಂದ ಹೊರಗೆ. ಬಿಸಿ ಗಾಳಿ ಮೇಲೇರುವುದು ಸಹಜವಾದರೂ ಪೆಟ್ಟಿಗೆಯಲ್ಲಿ ಫ್ಯಾನಿನ ಜೋರಿನ ಮುಂದೆ ಆ ಏರಿಕೆಯ ಬಲ ಅಲ್ಪ. ಆದರೂ ಎರಡೂ ಒಂದೇ ದಿಕ್ಕಿಗೆ ಸಾಗಿದರೆ ಒಳ್ಳೆಯದೇ. ನಾನು ಮುಂದೆ 120 ಮಿಲಿಮೀಟರಿನ ಎರಡು ಫ್ಯಾನ್, ಹಿಂದೆ ಅಂಥದೇ ಒಂದು ಕೂರಿಸಿದೆ. ಪ್ರೊಸೆಸರ್ ಮೇಲೊಂದು, ಗ್ರಾಫಿಕ್ಸ್ ಕಾರ್ಡಿನಲ್ಲಿ ಎರಡು, ಪವರ್ ಸಪ್ಲೈ ಒಳಗಿನದೂ ಸೇರಿ ಒಟ್ಟು ಏಳಾದವು. ಸಣ್ಣ ಫ್ಯಾನ್ ಜೋರಾಗಿ ತಿರುಗಿ ಕಿರುಗುಟ್ಟುವ ಬದಲು ದೊಡ್ಡ ಫ್ಯಾನ್ ನಿಧಾನವಾಗಿ ತಿರುಗಿದರೂ ಅಷ್ಟೇ ಗಾಳಿ ಸಾಗುತ್ತದೆ. ಅದೇ ಕೋಣೆಯಲ್ಲಿ ಮಲಗುವವರಿಗೆ ಇದು ಸಣ್ಣ ವಿಷಯವಲ್ಲ.

ಒಳಗೆ ಬರುವ ಗಾಳಿ ಹೊರಗೆ ಹೋಗುವುದಕ್ಕಿಂತ ಒಂದಿಷ್ಟು ಹೆಚ್ಚಿದ್ದರೆ ಇನ್ನೊಂದು ಲಾಭವಿದೆ. ಆಗ ಪೆಟ್ಟಿಗೆಯ ಸಂದುಗೊಂದುಗಳಿಂದ ಗಾಳಿ ಹೊರಕ್ಕೆ ನುಸುಳುತ್ತದೆ, ಅಲ್ಲಿಂದ ಧೂಳು ಒಳಕ್ಕೆ ನುಗ್ಗುವುದಿಲ್ಲ. ತೊಗರಿ ರಾಶಿಯ ಕಾಲದಲ್ಲಿ ನಮ್ಮ ಕಡೆ ಏಳುವ ಧೂಳನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಮುಂಭಾಗದ ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ಬಿಚ್ಚಿ ತೊಳೆಯುತ್ತೇನೆ. ಯಂತ್ರ ಆರಿಸಿ, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡು ಬ್ಲೋಯರ್ ಹಿಡಿಯಬೇಕು, ಇಲ್ಲದಿದ್ದರೆ ಅದು ಅಳತೆ ಮೀರಿ ತಿರುಗಿ ಬೇರಿಂಗ್ ಹಾಳಾಗಬಹುದು. ಗಾಳಿ ನಿಜವಾಗಿ ಯಾವ ಕಡೆ ಸಾಗುತ್ತಿದೆ ಎಂದು ತಿಳಿಯಲು ದುಬಾರಿ ಸಾಧನ ಬೇಕಿಲ್ಲ, ಒಂದು ಊದುಬತ್ತಿ ಸಾಕು. ಹೊಗೆ ಮುಂದಿನ ಜಾಲರಿಗೆ ಎಳೆದುಕೊಂಡು ಹೋದರೆ ಸರಿ, ಅಲ್ಲೇ ತಡವರಿಸಿದರೆ ಎಲ್ಲೋ ಕಟ್ಟಿಕೊಂಡಿದೆ. ಪಕ್ಕದ ಬಾಗಿಲು ತೆಗೆದ ಕೂಡಲೇ ತಾಪ ಸರ್ರನೆ ಇಳಿದರೂ ಅರ್ಥ ಅದೇ: ಪೆಟ್ಟಿಗೆಗೆ ಉಸಿರು ಸಾಲುತ್ತಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ದಾಟಲಾಗದ ಒಂದು ಗೆರೆ ಇದೆ. ಫ್ಯಾನ್ ಬಿಸಿಯನ್ನು ಸಾಗಿಸುತ್ತದೆಯೇ ಹೊರತು ತಂಪನ್ನು ಹುಟ್ಟಿಸುವುದಿಲ್ಲ. ಕೋಣೆ 26 ಡಿಗ್ರಿ ಇದ್ದ ಜನವರಿಯಲ್ಲಿ ನನ್ನ ಪ್ರೊಸೆಸರ್ 78ಕ್ಕೆ ನಿಲ್ಲುತ್ತಿತ್ತು. ಕೋಣೆ 38 ಆದ ಏಪ್ರಿಲ್‌ನಲ್ಲಿ ಅದೇ ಕೆಲಸಕ್ಕೆ 90. ಅಂತರ ಎರಡರಲ್ಲೂ 52. ಫ್ಯಾನುಗಳು ಈ ಅಂತರವನ್ನು ಕಿರಿದು ಮಾಡಬಲ್ಲವು, ಕೋಣೆಯನ್ನು ಬದಲಿಸಲಾರವು. ಆದ್ದರಿಂದ ಎರಡು ಉಪಾಯ ಮಾಡಿದೆ. ಗ್ರಾಫಿಕ್ಸ್ ಕಾರ್ಡಿನ ವಿದ್ಯುತ್ ಮಿತಿಯನ್ನು 200 ವ್ಯಾಟ್‌ನಿಂದ 150ಕ್ಕೆ ಇಳಿಸಿದೆ. ಬಿಸಿ ಕಾಲು ಭಾಗ ತಗ್ಗಿತು. ವೇಗ ಅಷ್ಟೇನೂ ತಗ್ಗಲಿಲ್ಲ. ಇನ್ನೊಂದು ಉಪಾಯ ನಮ್ಮ ಕಣಗಳದ್ದು: ಗಾಳಿ ಬಂದಾಗ ತೂರಿಕೋ. ಭಾರಿ ಕೆಲಸವನ್ನೆಲ್ಲ ಆರ್‌ಸಿಸಿ ಮಾಳಿಗೆಯ ಕಾವು ಇಳಿದ ಮೇಲೆ, ರಾತ್ರಿ ಹನ್ನೊಂದರ ನಂತರ ಶುರು ಮಾಡಿ ಮರುದಿನ ಮಧ್ಯಾಹ್ನ ಒಂದಕ್ಕೆ ನಿಲ್ಲಿಸುತ್ತೇನೆ. ಹದಿನಾಲ್ಕು ಗಂಟೆ.

ಒಂದು ಬೆಳಿಗ್ಗೆ ಪೆಟ್ಟಿಗೆಯ ಬಾಗಿಲು ತೆಗೆದು ಕೂತಿದ್ದಾಗ ಅವ್ವ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಬಂದು ನಿಂತಳು. ಒಂದೊಂದನ್ನೇ ತೋರಿಸಿ ಎಣಿಸಿದಳು. ಕಾಣದ ಒಂದನ್ನು ನಾನು ಹೇಳಿದೆ. ನಕ್ಕು ಅಂದಳು: "ನಿನ್ನ ಮಿಷನಿಗಿ ಏಳು ಪಂಖಾ. ಒಲಿ ಮುಂದ ನಿಂತಾಕಿಗಿ ಒಂದೂ ಇಲ್ಲ ನೋಡು."

ತಮಾಷೆಯ ಮಾತು. ಆದರೆ ಅದು ಅಂಕಿಗಳ ಮಾತೂ ಆಗಿತ್ತು, ಅಂಕಿ ಹಾಕಿ ನೋಡಿದೆ. 14.2 ಕೆ.ಜಿ. ಸಿಲಿಂಡರಿನ ಗ್ಯಾಸ್ ಪೂರ್ತಿ ಉರಿದರೆ ಸುಮಾರು 180 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬರುತ್ತದೆ. ನಮ್ಮ ಮನೆಗೆ ಒಂದು ಸಿಲಿಂಡರ್ ನಲವತ್ತೈದು ದಿನ ಬರುತ್ತದೆ. ದಿನಕ್ಕೆ ನಾಲ್ಕು ಯೂನಿಟ್ ಆಯಿತು. ನನ್ನ ಯಂತ್ರ 300 ವ್ಯಾಟ್‌ನಂತೆ ಹದಿನಾಲ್ಕು ಗಂಟೆ ದುಡಿದರೆ 4.2 ಯೂನಿಟ್. ಎರಡೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇಷ್ಟೇ, ಯಂತ್ರ ಹದಿನಾಲ್ಕು ಗಂಟೆಯಲ್ಲಿ ಬಿಡುವ ಬಿಸಿಯನ್ನು ಒಲೆ ಮೂರು ಗಂಟೆಯಲ್ಲಿ ಬಿಡುತ್ತದೆ, ನಾಲ್ಕು ಪಟ್ಟಿಗೂ ಹೆಚ್ಚಿನ ರಭಸದಲ್ಲಿ. ಮತ್ತು ಒಲೆಯಿಂದ ಒಂದಡಿ ದೂರದಲ್ಲಿ ಒಬ್ಬಳು ನಿಂತಿರುತ್ತಾಳೆ. ರೊಟ್ಟಿ ಬಡಿಯುವಾಗ ಫ್ಯಾನ್ ಹಾಕುವಂತಿಲ್ಲ, ಹಿಟ್ಟು ಹಾರುತ್ತದೆ. ಕಿಟಕಿ ಪೂರ್ತಿ ತೆಗೆಯುವಂತಿಲ್ಲ, ಉರಿ ಅಲುಗಿ ಹಂಚು ಆರುತ್ತದೆ. ಯಂತ್ರಕ್ಕೆ ಮಿತಿ ಮುಟ್ಟಿದರೆ ವೇಗ ತಗ್ಗಿಸುವ ಅನುಕೂಲವಿದೆ. ರೊಟ್ಟಿಯ ಲೆಕ್ಕ ಉಣ್ಣುವವರ ತಲೆಯ ಮೇಲೆ ನಿಲ್ಲುತ್ತದೆ, ಸೆಕೆಯ ಮೇಲಲ್ಲ.

ಇದು ನಮ್ಮ ಮನೆಯೊಂದರ ಕಥೆಯಲ್ಲ. ಇಂದಿನ ಹವಾನಿಯಂತ್ರಣದ ಮೂಲವೆಂದು ಹೇಳುವ ವ್ಯವಸ್ಥೆಯನ್ನು ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ರೂಪಿಸಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕಾಗಿ. ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಬೀಳಬೇಕಾದ ಬಣ್ಣಗಳು ಪಕ್ಕಕ್ಕೆ ಸರಿಯುತ್ತಿದ್ದವು. ಕಾಗದ ನೆಟ್ಟಗಿರಲಿ ಎಂದು ಗಾಳಿಯನ್ನು ಹದ ಮಾಡಿದರು. ಮನುಷ್ಯರ ಸುಖಕ್ಕೆ ಅದು ಬಂದದ್ದು ಆಮೇಲೆ. ಹಳೆಯ ಅಚ್ಚಿನ ಪುಟಗಳ ಜೊತೆ ದಿನ ಕಳೆಯುವ ನನಗೆ ಈ ಸಂಗತಿ ಮತ್ತೆ ಮತ್ತೆ ನೆನಪಾಗುತ್ತದೆ. ವಸ್ತು ಬಿಸಿಯಾದರೆ ನಷ್ಟ ಕೂಡಲೇ ಲೆಕ್ಕಕ್ಕೆ ಸಿಗುತ್ತದೆ. ಮನುಷ್ಯರು ಬಿಸಿಯಾದರೆ ಅದನ್ನು ಅಭ್ಯಾಸ ಎನ್ನುತ್ತೇವೆ.

ಅಡುಗೆಮನೆಗೆ ಒಂಬತ್ತು ಇಂಚಿನ ಎಗ್ಸಾಸ್ಟ್ ಫ್ಯಾನ್ ತರುವುದೆಂದಾಯಿತು. ಎಲ್ಲಿ ಕೂರಿಸಬೇಕೆಂದು ನಾನು ಕಾಗದದ ಮೇಲೆ ಬಾಣದ ಗುರುತು ಹಾಕಿ ತೋರಿಸಿದಾಗ ಅವ್ವನಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. "ನಮ್ಮವ್ವನ ಮನ್ಯಾಗ ಒಲಿ ಮ್ಯಾಲೇ ಬೆಳಕಿಂಡಿ ಇತ್ತು. ಬಾಗ್ಲ ತೆಗದ್ರ ಹೊಗಿ ತಾನೇ ದಾರಿ ಹಿಡೀತಿತ್ತು" ಅಂದಳು. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಬೆಳಕಿಂಡಿ ಬರಿಯ ಬೆಳಕಿಗಲ್ಲ. ಬಿಸಿ ಗಾಳಿ ಅಲ್ಲಿಂದ ಏರಿ ಹೋಗುತ್ತಿತ್ತು, ಅದರ ಜಾಗಕ್ಕೆ ಬಾಗಿಲಿನಿಂದ ತಣ್ಣನೆಯದು ಬರುತ್ತಿತ್ತು. ಆರ್‌ಸಿಸಿ ಹಾಕುವಾಗ ಮಳೆ ಸೋರುವ ಕಾಟ ತಪ್ಪಲೆಂದು ಆ ಕಿಂಡಿಯನ್ನು ಬಿಟ್ಟೆವು. ಕಾಟ ತಪ್ಪಿತು, ದಾರಿಯೂ ತಪ್ಪಿತು.

ಫ್ಯಾನ್ ಕೂರಿಸಿದ ದಿನ ಬಾಗಿಲು ಮುಚ್ಚಿ ಹಾಕಿದರೆ ಬರೀ ಸದ್ದು. ಊದುಬತ್ತಿಯ ಹೊಗೆ ಅಲ್ಲಲ್ಲೇ ಸುತ್ತಿತು. ಎದುರಿನ ಬಾಗಿಲನ್ನು ಅರ್ಧ ತೆರೆದದ್ದೇ ತಡ, ಹೊಗೆ ಅವ್ವ ನಿಲ್ಲುವ ಜಾಗದ ಹಿಂದಿನಿಂದ ಬಂದು, ಒಲೆಯ ಮೇಲೆ ಹಾದು, ಫ್ಯಾನಿನ ಬಾಯಿಗೆ ನೇರ ಹೋಯಿತು. ಉರಿ ಅಲುಗಲಿಲ್ಲ. ರೊಟ್ಟಿ ಮಾಡುವ ಹೊತ್ತಿಗೆ 41 ತೋರಿಸುತ್ತಿದ್ದ ಅಡುಗೆಮನೆಯ ತಾಪಮಾಪಕ 37ಕ್ಕೆ ಬಂತು. ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ, ಹೊರಗೇ 36 ಇತ್ತು. ಉಳಿದದ್ದಕ್ಕೆ ಅವ್ವನ ಬಳಿ ಮೊದಲಿನಿಂದಲೂ ತನ್ನದೇ ವೇಳಾಪಟ್ಟಿ ಇದೆ: ಬೇಸಿಗೆಯಲ್ಲಿ ಅವಳು ಬೆಳಗಿನ ಆರಕ್ಕೇ ಹಂಚು ಇಡುತ್ತಾಳೆ.

ಗೋಡೆಗೆ ತೂತು ಕೊರೆಯುವ ಮೊದಲು ಮೇಸ್ತ್ರಿ ಎರಡು ಜಾಗ ತೋರಿಸಿದ್ದರು. ಒಂದು ಪಕ್ಕದ ಓಣಿಯ ಕಡೆ, ಕೆಲಸ ಸುಲಭ, ಸ್ವಿಚ್ಚೂ ಹತ್ತಿರ. ಇನ್ನೊಂದು ಹಿತ್ತಲ ಕಡೆ, ಅಲ್ಲಿಗೆ ವೈರ್ ಎಳೆಯಬೇಕು, ಐನೂರು ರೂಪಾಯಿ ಹೆಚ್ಚು. ನಾನು ಓಣಿಯ ಕಡೆ ಕೈ ತೋರಿಸಿದೆ. ಅವ್ವ ತಲೆ ಅಲ್ಲಾಡಿಸಿದಳು. "ಆ ಕಡಿ ಅಕ್ಕೋರ ಕಿಡಕಿ ಅದಾ. ನಮ್ಮ ಒಲಿ ಝಳ ಅವ್ರ ಮನಿಗ್ಯಾಕ?"

ಮೇಸ್ತ್ರಿ ಏಣಿ ಎತ್ತಿಕೊಂಡು ಹಿತ್ತಲಿಗೆ ಹೋದರು.