ಬೆವರುವ ಮುಚ್ಚಳ

ಮೀನು ಸಾಕುವವರಿಗೆ ಮೀನಿನದೇ ಚಿಂತೆ ಎಂದು ಜನ ತಿಳಿದಿದ್ದಾರೆ. ಮೀನು ತನ್ನ ಪಾಡಿಗೆ ತಾನಿರುತ್ತದೆ, ಚಿಂತೆಯೆಲ್ಲ ಮುಚ್ಚಳದ್ದು. ಬೆಂಗಳೂರಿಗೆ ಡಿಸೆಂಬರ್ ಬಂತೆಂದರೆ ನಾವು ಹಾಲ್‌ನಲ್ಲಿ ಸ್ವೆಟರ್ ತೊಟ್ಟು ಕೂತಿರುತ್ತೇವೆ, ಪಕ್ಕದಲ್ಲಿ ಅಕ್ವೇರಿಯಂನ ಮುಚ್ಚಳ ಬೆವರುತ್ತಿರುತ್ತದೆ. ಅದರೊಳಗಿನ ಟ್ಯೂಬ್‌ಲೈಟು ಕಣ್ಣು ಮಿಟುಕಿಸಿ, ಗುಂಯ್ ಎಂದು, ಆರಿಹೋಗುತ್ತದೆ. ಮರುದಿನ ಮಧ್ಯಾಹ್ನ ಬಿಸಿಲು ಕಾಯಿಸಿಕೊಂಡು ಏನೂ ಆಗಿಲ್ಲವೆಂಬಂತೆ ಹತ್ತಿಕೊಳ್ಳುತ್ತದೆ.

ತೊಟ್ಟಿ ಮಗಳದ್ದು. ಶಿವಾಜಿನಗರದ ಅಂಗಡಿಯಲ್ಲಿ ಹಟ ಹಿಡಿದು ಕೊಂಡದ್ದು. ಈಗ ಅವಳಿಗೆ ಪುಣೆಯಲ್ಲಿ ಕೆಲಸ, ಪಿ.ಜಿ.ಯಲ್ಲಿ ವಾಸ; ಮೀನು ನಮ್ಮ ಪಾಲಿಗೆ. ರಾತ್ರಿ ಫೋನ್ ಮಾಡಿದರೆ ಊಟದ ವಿಚಾರಕ್ಕೂ ಮೊದಲು, "ಅಪ್ಪಾ, ಲೈಟ್ ಹತ್ತಿತಾ?"

ಹತ್ತದಿರಲು ಕಾರಣ ಸರಳ. ನಮ್ಮ ತೊಟ್ಟಿಯ ಗೌರಾಮಿ ಮೀನಿಗೆ ನೀರು 26 ಡಿಗ್ರಿ ಬೆಚ್ಚಗಿರಬೇಕು, ಅದಕ್ಕೆ ಹೀಟರ್. ಆ ಬಿಸುಪಿನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 24 ಗ್ರಾಂ ನೀರಾವಿ ಹೊರಬಲ್ಲದು. ಅದೇ ಗಾಳಿ 16 ಡಿಗ್ರಿಗೆ ತಣಿದರೆ 14 ಗ್ರಾಮಿಗೇ ಸುಸ್ತು. ಉಳಿದದ್ದನ್ನು ತಣ್ಣನೆಯ ಮುಚ್ಚಳದ ಮೇಲೆ ಇಳಿಸಿ ಕೈತೊಳೆದುಕೊಳ್ಳುತ್ತದೆ. ಹಾಗೆ ಇಳಿದ ಹನಿ ಭಟ್ಟಿ ಇಳಿಸಿದಷ್ಟು ಶುದ್ಧ. ಮುಚ್ಚಳದಂಚಿನ ಬಿಳಿ ಕಲೆಗೆ ಅದನ್ನು ದೂರುವುದು ಅನ್ಯಾಯ. ಕಲೆ ನಮ್ಮ ಬೋರ್‌ವೆಲ್ ನೀರಿನದು. ಏರ್ ಪಂಪಿನ ಗುಳ್ಳೆಗಳು ಒಡೆದು ಸಿಡಿದಲ್ಲೆಲ್ಲ ಸುಣ್ಣ ಬಳಿದು ಹೋಗುತ್ತವೆ.

ಮೊದಲ ಪರಿಹಾರ ಅಮ್ಮನದು. "ಇಡ್ಲಿ ಪಾತ್ರೆ ಮುಚ್ಚಳಕ್ಕೆ ಬಟ್ಟೆ ಕಟ್ಟಲ್ವೇನೋ? ಇದಕ್ಕೂ ಕಟ್ಟು." ಭೌತಶಾಸ್ತ್ರ ಎರಡಕ್ಕೂ ಒಂದೇ, ಆದರೆ ಇಡ್ಲಿ ಹತ್ತು ನಿಮಿಷದಲ್ಲಿ ಬೇಯುತ್ತದೆ, ಮೀನು ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಬಟ್ಟೆ ಮುಗ್ಗಲು ಹಿಡಿದು, ಹಾಲ್‌ಗೆ ಮಳೆಗಾಲದ ಒದ್ದೆ ಕಾಲುಚೀಲದ ವಾಸನೆ ಬಂತು. ಹೋಲ್ಡರ್ ಬದಲಿಸಲು ಬಂದ ಎಲೆಕ್ಟ್ರಿಷಿಯನ್, "ಮುಚ್ಚಳ ತೆಗ್ದು ಅಟ್ಟಕ್ಕೆ ಹಾಕ್ಬಿಡಿ ಸಾರ್, ಪ್ರಾಬ್ಲಮ್ಮೇ ಇರಲ್ಲ" ಎಂದ. ಸಂಸಾರದ ತಾಪತ್ರಯಕ್ಕೆ ಸನ್ಯಾಸ ತಗೊಳ್ಳಿ ಎನ್ನುವವರೂ ಇದನ್ನೇ ಹೇಳುವುದು.

ತೆಗೆಯುವಂತಿಲ್ಲ. ಗೌರಾಮಿ ಗಂಗಾ–ಬ್ರಹ್ಮಪುತ್ರಾ ಬಯಲಿನ ಕಡೆಯದು. ಕಿವಿರಿನ ಜೊತೆಗೆ ಗಾಳಿ ಉಸಿರಾಡಲೂ ಅದಕ್ಕೊಂದು ಅಂಗವಿದೆ. ಆಗಾಗ ಮೇಲೆ ಬಂದು ಗುಟುಕು ಗಾಳಿ ಕುಡಿದು ಹೋಗುತ್ತದೆ. ಆ ಗಾಳಿಯೂ ನೀರಿನಷ್ಟೇ ಬೆಚ್ಚಗೆ, ತೇವವಾಗಿ ಇದ್ದರೆ ಒಳ್ಳೆಯದು. ಅಂದರೆ ಲೈಟಿಗೆ ಆಗದ ಸೆಕೆಯೇ ಮೀನಿಗೆ ಬೇಕು. ಮೇಲಾಗಿ, ಬಾಗಿಲು ತೆರೆದಿಟ್ಟರೆ ಅದು ಹಾರಿ ಹೊರಬೀಳುವ ಜಾತಿ. ಕಂಪ್ಯೂಟರಿನ ಪುಟ್ಟ ಫ್ಯಾನ್ ಕೂರಿಸಿ ಎಂದವರೂ ಇದ್ದಾರೆ. ಮುಚ್ಚಳ ಒಣಗುತ್ತದೆ, ನಿಜ. ಆದರೆ ತೊಟ್ಟಿಯ ನೀರು ಬೇಗ ಇಂಗಿ ಹೀಟರಿಗೆ ಬಿಡುವೇ ಇಲ್ಲದಂತಾಗುತ್ತದೆ.

ಕೊನೆಗೆ ಗೆದ್ದದ್ದು ಗಾಜು. ತೊಟ್ಟಿಯ ಬಾಯಿಗೆ ಸರಿಹೊಂದುವ ಗಾಜಿನ ಹಲಗೆ ಕತ್ತರಿಸಿ ತಂದು, ಹನಿಗಳು ಜಾರಿ ನೀರಿಗೇ ಮರಳುವಂತೆ ತುಸು ವಾಲಿಸಿ, ಹಿಂಬದಿಯಲ್ಲಿ ಬೆರಳಗಲ ಸಂದು ಬಿಟ್ಟು ಕೂರಿಸಿದೆ. ಅದರ ಮೇಲೆ ನೀರು ತಾಗದ ಎಲ್‌ಇಡಿ ಪಟ್ಟಿ. ಮಳೆ ನಿಂತಿಲ್ಲ, ಗಾಜಿನ ಕೆಳಗೇ ಸುರಿದು ಮುಗಿಯುತ್ತದೆ. ವಾರಕ್ಕೊಮ್ಮೆ ನಿಂಬೆಹಣ್ಣಿನ ಸಿಪ್ಪೆಯಿಂದ ಗಾಜು ಉಜ್ಜಿ ತೊಳೆದರಾಯಿತು.

ಲೈಟು ಈಗ ಒಂದು ದಿನವೂ ಕೈಕೊಡುವುದಿಲ್ಲ. ನಷ್ಟವಾದದ್ದು ಫೋನಿಗೆ. "ಹತ್ತಿತಾ?" "ಹತ್ತಿತಮ್ಮ." ಆಮೇಲೆ ಊಟ, ಅಮ್ಮನ ಮಂಡಿನೋವು, ಅಲ್ಲಿಗೆ ಮುಗಿಯಿತು. ಮೊದಲಾದರೆ ಸ್ಟಾರ್ಟರ್, ಚೋಕ್, ತುಕ್ಕು ಹಿಡಿದ ಹೋಲ್ಡರ್ ಎಂದು ಅರ್ಧ ಗಂಟೆ ಸಲೀಸಾಗಿ ಕಳೆಯುತ್ತಿತ್ತು. ಮೊನ್ನೆ ಏನೂ ಆಗದ ಏರ್ ಪಂಪ್ ಯಾಕೋ ಸದ್ದು ಮಾಡುತ್ತಿದೆ ಎಂದೆ. "ಅಪ್ಪಾ, ವಿಡಿಯೋ ಮಾಡಿ ಕಳಿಸು, ನೋಡ್ತೀನಿ" ಎಂದಳು. ಮಾಡಿ ಕಳಿಸಿದ್ದೇನೆ, ಪಂಪ್ ಎಂದಿನಂತೆಯೇ ಗುರುಗುಟ್ಟುತ್ತಿದೆ, ಅವಳೂ ಹಾಗೆಂದು ಹೇಳಲಿಲ್ಲ.

ಮೀನು ಸಾಕುವವರಲ್ಲಿ ಒಂದೇ ವಿನಂತಿ. ಮುಚ್ಚಳದಿಂದ ಬರುವ ವೈರನ್ನು ನೆಟ್ಟಗೆ ಪ್ಲಗ್ಗಿಗೆ ಎಳೆಯಬೇಡಿ. ಸಾಕೆಟ್ಟಿಗಿಂತ ಒಂದು ಗೇಣು ಕೆಳಕ್ಕೆ ಜೋತುಬಿಟ್ಟು, ಆಮೇಲೆ ಮೇಲೆತ್ತಿ ಚುಚ್ಚಿ. ವೈರಿನಗುಂಟ ಇಳಿದ ಹನಿ ನೆಲಕ್ಕೆ ಬೀಳುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ನೀರಿಗೆ ಕೈ ಹಾಕುವ ಮೊದಲು ಸ್ವಿಚ್ ಆರಿಸಿ.