ನಮ್ಮ ಮನೆಯ ಕಂಪ್ಯೂಟರಿಗೆ ಕಳ್ಳ ಬಂದದ್ದು

ಈ ಸಂಗತಿ ನಡೆದದ್ದು 2024ರ ದಸರಾ ರಜೆಯಲ್ಲಿ. ಆಗ ನಾನು ಆರನೇ ಕ್ಲಾಸು. ಇದನ್ನು ಬರೆಯುವುದೋ ಬೇಡವೋ ಎಂದು ತುಂಬಾ ದಿನ ಯೋಚಿಸಿದೆ. ತಪ್ಪು ನನ್ನದೇ ಆದ್ದರಿಂದ ನಾಚಿಕೆಯಾಗುತ್ತದೆ. ಆದರೆ ಗೋಡೆ ಪತ್ರಿಕೆಗೆ ಏನಾದರೂ ಬರೆದು ಕೊಡಿ ಎಂದು ಟೀಚರ್ ಹೇಳಿದಾಗ ನನಗೆ ನೆನಪಾದದ್ದು ಇದೊಂದೇ.

ನಮ್ಮ ಮನೆ ನರಿಕೊಂಬಿನಲ್ಲಿ. ತೋಟ ಇಳಿದು ಹೋದರೆ ನೇತ್ರಾವತಿ ನದಿ. ಮನೆಯಲ್ಲಿ ಒಂದು ಹಳೆ ಕಂಪ್ಯೂಟರ್ ಉಂಟು. ಮಂಗಳೂರಿನ ಮಾವ ಹೊಸತು ತೆಗೆದುಕೊಂಡಾಗ ಹಳೆಯದನ್ನು ಅಕ್ಕನಿಗೆ ಕೊಟ್ಟರು. ಅಕ್ಕನ ಕಾಲೇಜಿನ ಕೆಲಸವೆಲ್ಲ ಅದರಲ್ಲೇ. ಅದಕ್ಕಿಂತ ದೊಡ್ಡದೊಂದು ಅದರಲ್ಲಿ ಇತ್ತು. ಅದು ನಮ್ಮ ಅಜ್ಜಿ ಹೇಳಿದ ಪಾಡ್ದನ. ಅಜ್ಜಿ ಮೊದಲು ನೇಜಿ ನೆಡುವಾಗ ಗದ್ದೆಯಲ್ಲಿ ಹೇಳುತ್ತಿದ್ದರಂತೆ. ಈಗ ಆ ಗದ್ದೆಯಲ್ಲಿ ಅಡಿಕೆ ಗಿಡ ಇದೆ. 2022ರಲ್ಲಿ ಅಕ್ಕ ಅಜ್ಜಿಯನ್ನು ಜಗಲಿಯಲ್ಲಿ ಕೂರಿಸಿ, ಮೊಬೈಲನ್ನು ನನ್ನ ಕೈಯಲ್ಲಿ ಕೊಟ್ಟು ರೆಕಾರ್ಡ್ ಮಾಡಿಸಿದಳು. ಹದಿನಾಲ್ಕು ನಿಮಿಷ. ಅದನ್ನು ಕಂಪ್ಯೂಟರಿಗೆ ಹಾಕಿ ಇಟ್ಟಳು. ಮರುವರ್ಷ ಅಜ್ಜಿ ತೀರಿಕೊಂಡರು. ಆ ಮೊಬೈಲು ಬಾವಿಗೆ ಬಿದ್ದು ಹಾಳಾಯಿತು.

ನನಗೆ ಬಸ್ಸೆಂದರೆ ಮರ್ಲು. ನಮ್ಮ ಕಡೆಯ ಬಸ್ಸುಗಳ ಹಾಗೆ ಬಣ್ಣ ಬಳಿದ ಬಸ್ಸು ಓಡಿಸುವ ಒಂದು ಆಟ ಉಂಟು, ಅದಕ್ಕೆ ದುಡ್ಡು ಕೊಡಬೇಕು. ಒಂದು ಕಡೆ ಅದನ್ನು ಪುಕ್ಕಟೆ ಕೊಡುತ್ತೇವೆ ಎಂದು ಹಾಕಿದ್ದರು. ಅಮ್ಮ ಬೀಡಿ ಕೊಡಲು ಹೋಗಿದ್ದರು, ಅಕ್ಕ ಮನೆಯಲ್ಲಿ ಇರಲಿಲ್ಲ. ಅಪ್ಪನ ಮೊಬೈಲಿನಿಂದ ನೆಟ್ ಕೊಟ್ಟು ಡೌನ್‌ಲೋಡ್ ಮಾಡಿದೆ. ಕಂಪ್ಯೂಟರ್ ಕೂಡಲೇ ಕೆಂಪು ಬಣ್ಣದಲ್ಲಿ, ಇದು ಅಪಾಯ ಎಂದು ತೋರಿಸಿತು. ಆದರೆ ಆಟದ ಜೊತೆ ಬಂದ ಸೂಚನೆಯಲ್ಲಿ, ಮೊದಲು ಆಂಟಿವೈರಸ್ ಆಫ್ ಮಾಡಿ ಎಂದು ಬರೆದಿತ್ತು.

ಗೆಳೆಯರೇ, ಕಳ್ಳ ಅಂಗಳದಲ್ಲಿ ನಿಂತು "ನಿಮ್ಮ ನಾಯಿಯನ್ನು ಒಮ್ಮೆ ಕಟ್ಟಿ ಹಾಕಿ" ಎಂದರೆ ಯಾರಾದರೂ ಕಟ್ಟುತ್ತಾರೆಯೇ? ನಾನು ಕಟ್ಟಿದೆ.

ಆಟ ಬರಲಿಲ್ಲ. ವಿಂಡೋಸ್ ಅಪ್‌ಡೇಟ್ ಆಗುತ್ತಿದೆ ಎಂದು ಒಂದು ಪೆಟ್ಟಿಗೆ ಕಾಣಿಸಿತು. ಆಗಲಿ ಎಂದು ಗಂಜಿ ಉಣ್ಣಲು ಹೋದೆ. ಬಂದು ನೋಡುವಾಗ ಎಲ್ಲಾ ಫೈಲುಗಳ ಹೆಸರಿನ ಕೊನೆಗೆ ನಾಲ್ಕು ಅಕ್ಷರ ಹೆಚ್ಚು ಸೇರಿತ್ತು. ಒಂದೂ ತೆರೆಯುವುದಿಲ್ಲ! ಆ ಅಪ್‌ಡೇಟ್ ಪೆಟ್ಟಿಗೆಯೇ ಸುಳ್ಳು. ಅದನ್ನು ತೋರಿಸಿ ಹಿಂದಿನಿಂದ ಬೀಗ ಹಾಕುತ್ತಾ ಇತ್ತು. ಒಂದು ಚೀಟಿಯನ್ನೂ ಬಿಟ್ಟಿತ್ತು. ಬೀಗದ ಕೈ ಬೇಕಾದರೆ 980 ಡಾಲರ್, 72 ಗಂಟೆಯೊಳಗೆ ಕೇಳಿದರೆ ಅರ್ಧ, 490. ಲೆಕ್ಕ ಹಾಕಿದೆ, ನಲವತ್ತು ಸಾವಿರ ರೂಪಾಯಿ. ಸಾವಿರ ಬೀಡಿ ಕಟ್ಟಿದರೆ ಅಮ್ಮನಿಗೆ ಎಷ್ಟು ಸಿಗುತ್ತದೆ ಎಂದು ನನಗೆ ಗೊತ್ತು. ಆ ಲೆಕ್ಕ ಮುಂದೆ ಮಾಡಲಿಲ್ಲ.

ಎರಡು ದಿನ ಯಾರಿಗೂ ಹೇಳಲಿಲ್ಲ. ಕರೆಂಟ್ ಸರಿ ಇಲ್ಲ, ಕಂಪ್ಯೂಟರ್ ಹಾಕಬೇಡ ಎಂದು ಅಕ್ಕನಿಗೆ ಸುಳ್ಳು ಹೇಳಿದೆ. ಮೂರನೇ ದಿನ ಅವಳೇ ಹಾಕಿದಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. "ಅಜ್ಜಿಯದ್ದು?" ಎಂದು ಮಾತ್ರ ಕೇಳಿದಳು. ಹೊಡೆದಿದ್ದರೆ ಒಳ್ಳೆಯದಿತ್ತು.

ಅಪ್ಪ ಕಂಪ್ಯೂಟರನ್ನು ಗೋಣಿಯಲ್ಲಿ ಸುತ್ತಿ ರಿಕ್ಷಾದಲ್ಲಿ ಬಿ.ಸಿ.ರೋಡಿಗೆ ತೆಗೆದುಕೊಂಡು ಹೋದರು. ರಿಪೇರಿಯ ಅಣ್ಣ ಮೊದಲು ಕೇಳಿದ್ದು, "ದುಡ್ಡು ಕಳಿಸಿದಿರಾ?" ಇಲ್ಲ ಎಂದೆವು. "ಬಚಾವ್. ಕಳಿಸಿದರೂ ಕೈ ಕೊಡ್ತಾರೆ ಅಂತ ಗ್ಯಾರಂಟಿ ಇಲ್ಲ ಮಾರಾಯ" ಎಂದರು. ದುಡ್ಡು ಹೋಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು, ತಡ ಮಾಡಿದಷ್ಟೂ ದುಡ್ಡು ಸಿಗುವುದು ಕಷ್ಟವಂತೆ. ಇಂಥ ವೈರಸ್ ಕಂಪ್ಯೂಟರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನೂ ಕದಿಯಬಹುದು ಎಂದದ್ದಕ್ಕೆ ಅಕ್ಕ ಅಲ್ಲೇ ನಿಂತು ಬೇರೆ ಮೊಬೈಲಿನಿಂದ ಎಲ್ಲವನ್ನೂ ಬದಲಾಯಿಸಿದಳು.

2017ರ ಮೇ 12ರಂದು ವಾನ್ನಾಕ್ರೈ ಎಂಬ ಇಂಥದ್ದೇ ವೈರಸ್ ಸುಮಾರು 150 ದೇಶಗಳಿಗೆ ಹರಡಿದ ಕಥೆಯನ್ನೂ ಅವರು ಹೇಳಿದರು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಆಪರೇಷನ್ ಮುಂದೆ ಹಾಕಬೇಕಾಯಿತಂತೆ. ಅದಕ್ಕೆ ಮದ್ದು ಮಾರ್ಚ್ 14ಕ್ಕೇ ಬಂದಿತ್ತು. ಎರಡು ತಿಂಗಳು ಅಪ್‌ಡೇಟ್ ಮಾಡದೆ ಕೂತವರ ಕಂಪ್ಯೂಟರಿಗೆ ಅದು ತಾನಾಗಿಯೇ ನುಗ್ಗಿತು. ನಮ್ಮಲ್ಲಿ ಹಾಗಲ್ಲ, ಬಾಗಿಲು ತೆಗೆದದ್ದು ನಾನು.

ನಾಲ್ಕು ದಿನ ಬಿಟ್ಟು ಕಂಪ್ಯೂಟರ್ ಬಂತು. ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದ್ದರು. ಈಗ ಅದರಲ್ಲಿ ಎರಡು ಖಾತೆ ಉಂಟು. ದೊಡ್ಡ ಖಾತೆಯ ಪಾಸ್‌ವರ್ಡ್ ಅಕ್ಕನಿಗೆ ಮಾತ್ರ ಗೊತ್ತು. ನನ್ನ ಖಾತೆಯಿಂದ ಆಂಟಿವೈರಸ್ ಆಫ್ ಮಾಡಲು ಹೋದರೆ ಆ ಪಾಸ್‌ವರ್ಡ್ ಕೇಳುತ್ತದೆ. ಮೊದಲು ನನಗೆ ಸಿಟ್ಟು ಬಂದಿತ್ತು, ಈಗ ಇಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಾಮಾನ್ಯ ಅಪ್‌ಡೇಟ್ ನಿಂತಿತು. ನಮ್ಮದು ಅದೇ ಆದ್ದರಿಂದ ಮುಂದೆ ಎಂತ ಮಾಡುವುದೆಂದು ಅಕ್ಕನಿಗೆ ಚಿಂತೆ.

ಅಮ್ಮನಿಗೆ ಕಂಪ್ಯೂಟರ್ ಗೊತ್ತಿಲ್ಲ. ಆದರೆ ಅವರು ಕೇಳಿದ ಒಂದು ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ. "1974ರ ನೆರೆಗೆ ಕೆಳಗೆ ಇಟ್ಟದ್ದೆಲ್ಲ ಹೋಯ್ತು, ಅಟ್ಟದಲ್ಲಿ ಇಟ್ಟದ್ದು ಉಳಿಯಿತು ಅಂತ ಅಜ್ಜಿ ಎಷ್ಟು ಸಲ ಹೇಳಿದ್ದಾರೆ. ನೀವು ಯಾಕೆ ಎಲ್ಲವನ್ನೂ ಒಂದೇ ಕಡೆ ಇಟ್ಟದ್ದು?" ಈಗ ಒಂದು ಪೆನ್‌ಡ್ರೈವ್ ಗೋದ್ರೇಜಿನಲ್ಲಿ ಉಂಟು. ತಿಂಗಳಿಗೊಮ್ಮೆ ಚುಚ್ಚಿ ಕಾಪಿ ಮಾಡಿ ತೆಗೆದಿಡುತ್ತೇವೆ. ಚುಚ್ಚಿಯೇ ಬಿಟ್ಟರೆ ವೈರಸ್ ಅದಕ್ಕೂ ಬೀಗ ಹಾಕುತ್ತದೆ.

ಬೀಗ ಬಿದ್ದ ಫೈಲುಗಳನ್ನು ರಿಪೇರಿಯ ಅಣ್ಣ ಬಿಸಾಡದೆ ಬೇರೆ ಡಿಸ್ಕಿನಲ್ಲಿ ಇಟ್ಟಿದ್ದರು. ಫೋಟೋ ಒಂದೂ ಸಿಗಲಿಲ್ಲ. ಆದರೆ ಈ ಜಾತಿಯ ವೈರಸ್ ಅವಸರದ್ದಂತೆ. ದೊಡ್ಡ ಫೈಲಾದರೆ ತಲೆ ಭಾಗಕ್ಕೆ ಮಾತ್ರ ಬೀಗ ಹಾಕಿ ಮುಂದೆ ಓಡುತ್ತದೆ. ಹೆಸರಿನ ಕೊನೆಯ ನಾಲ್ಕು ಅಕ್ಷರ ತೆಗೆದು ಹಾಕಿ ನೋಡಿದರೆ ಅಜ್ಜಿಯ ಪಾಡ್ದನ ಕೇಳಿಸಿತು! ಅಮ್ಮ ಬೀಡಿ ತಡ್ಪೆ ಕೆಳಗಿಟ್ಟು ಬಂದು ನಿಂತರು. ನಡುವೆ ಅಜ್ಜಿ ಕೆಮ್ಮುವುದು, ಹಟ್ಟಿಯ ದನ ಕೂಗುವುದು ಎಲ್ಲ ಇತ್ತು.

ಸುರುವಿನ ಹತ್ತು ಸೆಕೆಂಡು ಮಾತ್ರ ಇಲ್ಲ. ಹಾಡು ಪೂರ್ತಿ ಉಂಟಲ್ಲ ಎಂದು ಎಲ್ಲರಿಗೂ ಸಂತೋಷ. ಆ ಹತ್ತು ಸೆಕೆಂಡಿನಲ್ಲಿ ಅಜ್ಜಿ ಮೊಬೈಲ್ ಹಿಡಿದುಕೊಂಡಿದ್ದ ನನ್ನ ಮುಖ ನೋಡಿ, "ಸುರು ಮಲ್ಪೊಡಾ ಮಗಾ?" ಎಂದು ಕೇಳಿದ್ದರು.