ಚಂದ್ರಗುತ್ತಿಯ ಕಾನುಗಳು

ಸೊರಬದಿಂದ ಪಶ್ಚಿಮಕ್ಕೆ ಹೊರಟ ಪ್ರವಾಸಿಗನಿಗೆ ದೂರದಿಂದಲೇ ಕಾಣಬರುವುದು ಚಂದ್ರಗುತ್ತಿಯ ಹೆಬ್ಬಂಡೆಯ ಬೆಟ್ಟ. ಅಲ್ಲಿಯ ಗುಹೆಯಲ್ಲಿ ರೇಣುಕಾಂಬೆ ನೆಲಸಿದ್ದಾಳೆ. ಊರವರ ಬಾಯಲ್ಲಿ ಆಕೆ ಗುತ್ಯಮ್ಮ. ಬೆಟ್ಟದ ನೆತ್ತಿಯಲ್ಲಿ ಪಾಳುಬಿದ್ದ ಕೋಟೆ. ಭಕ್ತರು ದೇವಿಗಾಗಿ, ಇತಿಹಾಸಪ್ರಿಯರು ಕೋಟೆಗಾಗಿ ಬರುತ್ತಾರೆ. ಬಂದವರು ಈ ಸೀಮೆಯ ಹಸುರನ್ನೂ ತುಸು ನಿಂತು ನೋಡಬೇಕು.

ಈ ಹಸುರೆಲ್ಲವೂ ಒಂದೇ ಬಗೆಯದಲ್ಲ. ಸಾಲುಹಿಡಿದು ನಿಂತಿರುವುದು ಅಕೇಶಿಯ, ನೀಲಗಿರಿಗಳ ನೆಡುತೋಪು. ಕಪ್ಪಗೆ ದಟ್ಟವಾಗಿರುವುದು ಕಾನು. ಕಾನೆಂದರೆ ಬರಿಯ ಕಾಡಲ್ಲ; ಅದು ದೇವರ ಬನ, ಮೆಣಸಿನ ಬಳ್ಳಿಯ ಆಸರೆ, ಬಗನಿಯ ನೆಲೆ, ಗದ್ದೆಗಳಿಗೆ ನೀರೂಡುವ ಒರತೆಗಳ ತವರು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕೊಂದರಲ್ಲಿಯೇ 171 ಕಾನುಗಳನ್ನು ಗುರುತಿಸಿದ್ದರು. ಅವುಗಳಲ್ಲಿ ಎಷ್ಟೋ ಇಂದು ಕ್ಷೀಣಿಸಿವೆ.

ಕಾಡಿಗೆ ಬೆಲೆ ಕಟ್ಟುವ ವ್ಯಾಪಾರವೊಂದು ಈಗ ಲೋಕದಲ್ಲಿ ನಡೆದಿದೆ. ಅದರ ಹೆಸರು ಕಾರ್ಬನ್ ಕ್ರೆಡಿಟ್. ಮರಗಳು ಒಂದು ಟನ್ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡರೆ ಒಂದು ಕ್ರೆಡಿಟ್. ಹೊಗೆಯುಗುಳುವ ಶ್ರೀಮಂತರು ಅದನ್ನು ಕೊಳ್ಳುತ್ತಾರೆ; ಆ ಹಣದಿಂದ ಬಡದೇಶದ ಬೋಳುನೆಲ ಹಸುರಾಗಬೇಕು. ಆಶಯವೇನೋ ಒಳ್ಳೆಯದೇ. ಆದರೆ 1997ರ ಕ್ಯೋಟೊ ಒಪ್ಪಂದದನ್ವಯ ರೂಪುಗೊಂಡ ನಿಯಮವನ್ನು ನೋಡಿ: ಮರುನೆಡುವ ನೆಲದಲ್ಲಿ 1989ರ ಕೊನೆಗೆ ಕಾಡಿರಬಾರದು! ಇದ್ದ ಕಾಡನ್ನು ಕಡಿಯದೆ ಕಾಯ್ದವನಿಗೆ ಅಲ್ಲಿ ಬಿಡಿಗಾಸೂ ಇರಲಿಲ್ಲ. ಅನಂತರ ಬಂದ ಬೇರೆ ಯೋಜನೆಗಳು ಇರುವ ಕಾಡಿಗೂ ಹಣ ಕೊಡುತ್ತವೆ. ಆದರೆ ಅದು ಅಳಿಯುವ ಭಯದಲ್ಲಿದೆಯೆಂದು ತೋರಿಸಬೇಕು. ಭಕ್ತಿಯಿಂದ ಭದ್ರವಾಗಿ ಕಾಯ್ದ ಕಾನಿಗೆ ಈ ಲೆಕ್ಕದಲ್ಲಿ ಸ್ಥಾನ ದೊರೆಯುವುದು ಕಷ್ಟ.

ಹಣ ಬಂದರೂ, ಯಾರ ನೆಲದಲ್ಲಿ ಯಾವ ಮರ ಎಂಬ ಪ್ರಶ್ನೆ ಉಳಿಯುತ್ತದೆ. ನೆರೆಯ ಹಾನಗಲ್ಲು ತಾಲ್ಲೂಕಿನ ಕುಸನೂರು ಅದಕ್ಕೆ ಹಿಂದೆಯೇ ಉತ್ತರ ಹೇಳಿದೆ. 1984ರಲ್ಲಿ ಸ್ಥಾಪಿತವಾದ ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿಗೆ, ನೀಲಗಿರಿಯಂಥ ಮರ ಬೆಳೆಸಲು, ಹಲವು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ನೆಲವನ್ನು ವಹಿಸಲು ಸರಕಾರವು ಒಪ್ಪಿತು. ಅದು ಹಳ್ಳಿಗರು ದನ ಮೇಯಿಸಿ, ಸೌದೆ ಆಯುತ್ತಿದ್ದ ನೆಲ. 1987ರ ನವೆಂಬರ್ 14ರಂದು ಅವರು ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ಹೂಡಿದರು. ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟರು. 1991ರಲ್ಲಿ ಕಂಪನಿಯನ್ನು ಮುಚ್ಚುವ ನಿರ್ಧಾರವಾಯಿತು.

ಟನ್ನಿನ ಲೆಕ್ಕಕ್ಕೆ ಬೇಗ ಬೆಳೆಯುವ ಒಂದೇ ಜಾತಿಯ ತೋಪು ಸಾಕು. ಒರತೆ, ಮೆಣಸು, ಮೇವು, ಸೌದೆಗಳ ಲೆಕ್ಕವಿಡಬೇಕಾದರೆ ಊರವರನ್ನೇ ಕೇಳಬೇಕು. ಹೊರಗಿನ ಹಣ ಮಲೆನಾಡಿಗೆ ಬರುವುದಾದರೆ ಬರಲಿ. ಮೊದಲ ಪಾಲು ಉಳಿದಿರುವ ಕಾನಿಗೆ, ಅದನ್ನು ಕಾಯುತ್ತಿರುವ ಊರಿಗೆ ಸಲ್ಲಲಿ. ಗುತ್ಯಮ್ಮನ ದರ್ಶನಕ್ಕೆ ಹೋಗುವ ವಾಚಕರು ಒಂದು ಕಾನಿನ ಅಂಚಿನವರೆಗಾದರೂ ನಡೆದುಹೋದರೆ, ಈ ಮಾತಿನ ಅರ್ಥ ತಾನಾಗಿಯೇ ಹೊಳೆದೀತು.